ಕಂಚ ಗಚ್ಚಿಬೌಲಿ: ಲೆಕ್ಕಕ್ಕೆ ಬಾರದ ನಾನೂರು ಎಕರೆ



2025ರ ಮಾರ್ಚ್ 30, ಯುಗಾದಿಯ ದಿನ. ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಬೇವುಬೆಲ್ಲ ಹಂಚುತ್ತಿದ್ದ ಆ ದಿನವೇ ಕಂಚ ಗಚ್ಚಿಬೌಲಿಯ ನಾನೂರು ಎಕರೆ ಕುರುಚಲು ಕಾಡಿಗೆ ಜೆಸಿಬಿ ಯಂತ್ರಗಳು ಸಾಲುಸಾಲಾಗಿ ನುಗ್ಗಿದವು. ಹಬ್ಬದ ರಜೆಗಳು ಒಂದರ ಹಿಂದೊಂದು ಬಂದಿದ್ದವು. ನ್ಯಾಯಾಲಯದ ಬಾಗಿಲು ಮುಚ್ಚಿದ್ದ ಸಮಯವನ್ನು ಆರಿಸಿಕೊಂಡದ್ದು ಆಕಸ್ಮಿಕವೆಂದು ನಂಬುವುದು ಕಷ್ಟ. ರಾತ್ರಿಯೂ ದೀಪ ಹಾಕಿಕೊಂಡು ಕೆಲಸ ನಡೆಯಿತು. ತಡೆಯಲು ಹೋದ ವಿದ್ಯಾರ್ಥಿಗಳನ್ನು ಪೊಲೀಸರು ಎಳೆದೊಯ್ದರು.

ಸರ್ಕಾರದ ವಾದವನ್ನು ಮೊದಲು ಕೇಳಬೇಕು. ಅದು ಪೊಳ್ಳು ವಾದವಲ್ಲ. ಹೈದರಾಬಾದ್ ವಿಶ್ವವಿದ್ಯಾಲಯ 1974ರಲ್ಲಿ ಸ್ಥಾಪನೆಯಾದಾಗ ಅದರ ಪಾಲಿಗೆ ಎರಡು ಸಾವಿರಕ್ಕೂ ಮಿಕ್ಕಿದ ಎಕರೆ ಬಂದಿತು. ಆದರೆ ಒಡೆತನದ ಪತ್ರಗಳು ಸರಿಯಾಗಿ ಆಗಲಿಲ್ಲ. ಇದೇ ನಾನೂರು ಎಕರೆಯನ್ನು 2004ರಲ್ಲಿ ಕ್ರೀಡಾ ಸೌಕರ್ಯದ ಹೆಸರಿನಲ್ಲಿ ಖಾಸಗಿ ಸಂಸ್ಥೆಯೊಂದಕ್ಕೆ ಕೊಡಲಾಯಿತು; 2006ರಲ್ಲಿ ಮುಂದಿನ ಸರ್ಕಾರ ಅದನ್ನು ರದ್ದುಪಡಿಸಿತು. ದೀರ್ಘ ವ್ಯಾಜ್ಯದ ಬಳಿಕ 2024ರ ಮಾರ್ಚಿನಲ್ಲಿ ಉಚ್ಚ ನ್ಯಾಯಾಲಯವೂ, ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೂ ರಾಜ್ಯದ ಪರವಾಗಿ ನಿಂತವು. ಕಂದಾಯ ದಾಖಲೆಯಲ್ಲಿ ಈ ನೆಲ ಅರಣ್ಯವೆಂದು ಇಲ್ಲ, ಸರ್ಕಾರಿ ಪೋರಂಬೋಕು ಎಂದಿದೆ. ಐವತ್ತು ಸಾವಿರ ಕೋಟಿ ರೂಪಾಯಿ ಬಂಡವಾಳ, ಐದು ಲಕ್ಷ ಉದ್ಯೋಗ ಎಂಬುದು ಕೈಗಾರಿಕಾ ಮೂಲಸೌಕರ್ಯ ನಿಗಮದ ಭರವಸೆ.

ಇಷ್ಟನ್ನೂ ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ. ನೆಲ ಯಾರದು ಎಂಬುದು ಒಂದು ವಿಚಾರ, ಆ ನೆಲ ಏನು ಎಂಬುದು ಇನ್ನೊಂದು. 1996ರ ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಇದನ್ನೇ: ಒಡೆಯ ಯಾರೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾದದ್ದು ಅರಣ್ಯವೇ. ಅಲ್ಲಿ ನವಿಲು, ಚುಕ್ಕೆಜಿಂಕೆ, ನಕ್ಷತ್ರ ಆಮೆಗಳಿವೆ. ಬಂಡೆಗಳ ನಡುವೆ ಕೆರೆಗಳಿವೆ. ಸ್ವಂತ ನೆಲದ ಮರ ಕಡಿಯಲು ಬಡ ರೈತನಿಗೂ ಅನುಮತಿ ಬೇಕೆನ್ನುವ ಕಾಯಿದೆ, ನೆಲ ಸರ್ಕಾರದ್ದಾದಾಗ ಸಡಿಲವಾಗಬೇಕೇ?

ಈಗ ಹಣದ ವಿಷಯ. ಈ ವಿವಾದದಲ್ಲಿ ಕಡಿಮೆ ಚರ್ಚೆಯಾದದ್ದು ಅದೇ. ಹರಾಜು ನಡೆಯುವ ಮೊದಲೇ ಈ ನೆಲವನ್ನು ಆಧಾರವಾಗಿಟ್ಟು ಸುಮಾರು ಹತ್ತು ಸಾವಿರ ಕೋಟಿ ರೂಪಾಯಿಗಳ ಸಾಲಪತ್ರಗಳ ಮೂಲಕ ಹಣ ಎತ್ತಲಾಗಿದೆ. ಲೆಕ್ಕಶಾಸ್ತ್ರದ ಮೊದಲ ಪಾಠ ಬಂಡವಾಳದ ಜಮೆಯನ್ನೂ ಆದಾಯದ ಜಮೆಯನ್ನೂ ಬೆರೆಸಬಾರದೆಂಬುದು. ಅಜ್ಜನ ತೋಟ ಮಾರಿ ವರ್ಷದ ಸಂಸಾರ ನಡೆಸಿದವನು ಆ ವರ್ಷ ಶ್ರೀಮಂತನಾಗಿ ಕಾಣುತ್ತಾನೆ; ಮರುವರ್ಷ ತೋಟವೂ ಇಲ್ಲ, ಕಾಯಿಯೂ ಇಲ್ಲ. ನೆಲದ ಬೆಲೆಯನ್ನು ಎಕರೆಗಿಷ್ಟು ಕೋಟಿ ಎಂದು ಕೂಡಿದವರು ಅಂತರ್ಜಲಕ್ಕೂ ತಂಪಿಗೂ ಶೂನ್ಯ ಬರೆದಿದ್ದಾರೆ. ಶೂನ್ಯ ಬರೆದ ಮಾತ್ರಕ್ಕೆ ನಷ್ಟ ತಪ್ಪುವುದಿಲ್ಲ. ಅದು ಸುತ್ತಲಿನ ಮನೆಗಳ ಬೋರ್‌ವೆಲ್ ಮತ್ತು ಟ್ಯಾಂಕರಿನ ಬಿಲ್ಲಿನಲ್ಲಿ ತೋರುತ್ತದೆ.

ಇದು ನಮ್ಮವರಿಗೆ ದೂರದ ಸಂಗತಿಯಲ್ಲ. ಫೈನಾನ್ಷಿಯಲ್ ಡಿಸ್ಟ್ರಿಕ್ಟಿನ ಫ್ಲ್ಯಾಟುಗಳಲ್ಲಿ, ಕಟ್ಟಡ ವ್ಯವಹಾರದಲ್ಲಿ ಹಣ ಹೂಡಿದ ಜೈನ ಕುಟುಂಬಗಳಿವೆ. ಶ್ರಾವಕನು ಬಿಡಬೇಕಾದ ಕ್ರೂರ ವೃತ್ತಿಗಳಲ್ಲಿ ವನಜೀವಿಕೆಯನ್ನು ಆಶಾಧರರು ಎಣಿಸಿದ್ದಾರೆ. ಕೊಡಲಿ ಹಿಡಿದವನಿಗೆ ಅನ್ವಯಿಸಿದ ಆ ಮಾತು, ಕಾಡು ಕಡಿದ ನೆಲದ ಮೇಲೆ ಮುಂಗಡ ಕೊಟ್ಟು ನಿವೇಶನ ಕಾಯ್ದಿರಿಸುವವನಿಗೆ ಅನ್ವಯಿಸುವುದಿಲ್ಲವೇ? ರಾತ್ರಿಭೋಜನ ಬಿಟ್ಟ ಮನೆಯಲ್ಲೂ ಈ ಪ್ರಶ್ನೆಯನ್ನು ಕೇಳುವವರು ವಿರಳ.

ಪ್ರತಿಭಟನೆಯ ಕಡೆಯಿಂದಲೂ ಒಂದು ತಪ್ಪು ನಡೆಯಿತು. ಕೃತಕ ಬುದ್ಧಿಮತ್ತೆಯಿಂದ ತಯಾರಾದ ಸುಳ್ಳು ಚಿತ್ರಗಳು ಹರಿದಾಡಿದವು; ನಿಜವೇ ಸಾಕಷ್ಟು ಘೋರವಾಗಿದ್ದಾಗ ಸುಳ್ಳಿನ ಅಗತ್ಯವಿರಲಿಲ್ಲ, ಅದು ಸರ್ಕಾರಕ್ಕೆ ಒಳ್ಳೆಯ ನೆಪವಾಯಿತು.

ಏಪ್ರಿಲ್ 3ರಂದು ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು ಕೆಲಸ ನಿಲ್ಲಿಸಿತು. ಅಷ್ಟರಲ್ಲಿ ಸುಮಾರು ನೂರು ಎಕರೆ ಬೋಳಾಗಿತ್ತು. ಏಪ್ರಿಲ್ 16ರಂದು ನ್ಯಾಯಪೀಠ ಕೇಳಿದ್ದು ಒಡೆತನದ ಪತ್ರವನ್ನಲ್ಲ, ಆ ನೂರು ಎಕರೆಯನ್ನು ಮತ್ತೆ ಹೇಗೆ ಕಾಡಾಗಿಸುತ್ತೀರಿ ಎಂಬ ಯೋಜನೆಯನ್ನು. ಸಾಲಪತ್ರಗಳ ಬಡ್ಡಿಯಾದರೋ ಕಾಡು ಬೆಳೆಯುವವರೆಗೆ ಕಾಯುವುದಿಲ್ಲ.