ಸಬ್ಜಿ ಮಂಡಿಯ ಗರಡಿ ಗುರು

ಇವತ್ತಿನ ಮಾತು ದಿಲ್ಲಿಯ ಎಲ್ಲ ಕನ್ನಡಿಗರಿಗೂ ಸೇರಿದ್ದು. ಆದರೂ ಓಲ್ಡ್ ರಾಜಿಂದರ್ ನಗರದ ಗಲ್ಲಿಗಳಲ್ಲಿ ಬಾಡಿಗೆ ಕೋಣೆ ಹಿಡಿದು ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಇದನ್ನು ಸ್ವಲ್ಪ ಹೆಚ್ಚು ಗಮನವಿಟ್ಟು ಕೇಳಲಿ ಎಂಬುದು ನನ್ನ ಆಸೆ. ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದವರಿಗಾಗಿ ಎದ್ದ ಬಡಾವಣೆ ಅದು. ಇಂದು ಅಲ್ಲಿ ಗೋಡೆ ಗೋಡೆಗೂ ಕೋಚಿಂಗ್ ಕೇಂದ್ರಗಳ ಫಲಕ. ಹಾಸನದಿಂದ, ಕಲಬುರಗಿಯಿಂದ, ವಿಜಯಪುರದಿಂದ ಬಂದವರು ಐಎಎಸ್ ಕನಸು ಹೊತ್ತು ಅಲ್ಲಿ ನಾಲ್ಕೈದು ವರ್ಷ ಕಳೆಯುತ್ತಾರೆ. 2024ರ ಜುಲೈ 27ರ ಸಂಜೆ ಅಲ್ಲಿನ ಒಂದು ಕಟ್ಟಡದ ನೆಲಮಾಳಿಗೆಗೆ ಮಳೆಯ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಕಲಿಸುವವನಿಗೂ ಕಲಿಯುವವನಿಗೂ ಇರುವ ನಂಟು ಶುಲ್ಕದ ರಸೀದಿಗೇ ಮುಗಿಯುತ್ತದೆಯೇ ಎಂದು ಅಂದಿನಿಂದ ಅನೇಕರು ಕೇಳುತ್ತಿದ್ದಾರೆ.

ಆ ಪ್ರಶ್ನೆ ಎದ್ದಾಗಲೆಲ್ಲ ನನಗೆ ನೆನಪಾಗುವುದು ಗುರು ಹನುಮಾನ್. ಅವರ ಗರಡಿ ರಾಜಿಂದರ್ ನಗರದಿಂದ ಬಹಳ ದೂರವೇನಿಲ್ಲ. ರೋಶನಾರಾ ಬಾಗ್ ಕಡೆ, ಹಳೆಯ ಸಬ್ಜಿ ಮಂಡಿಯ ಪ್ರದೇಶದಲ್ಲಿದೆ.

ಹುಟ್ಟಿದ ಹೆಸರು ವಿಜಯ್ ಪಾಲ್. ಊರು ರಾಜಸ್ಥಾನದ ಚಿಡಾವಾ, ಜನನ 1901. ಓದು ತಲೆಗೆ ಹತ್ತಲಿಲ್ಲ, ಕುಸ್ತಿ ಮೈಗೆ ಹತ್ತಿತು. 1919ರಲ್ಲಿ ದಿಲ್ಲಿಗೆ ಬಂದದ್ದು ಪೈಲ್ವಾನನಾಗಲು ಅಲ್ಲ, ಬಿರ್ಲಾ ಮಿಲ್ಲಿನ ಬಳಿ ಒಂದು ಅಂಗಡಿ ಇಡಲು. ಅಂಗಡಿ ಎಷ್ಟು ನಡೆಯಿತೋ, ಹುಡುಗ ಮಾತ್ರ ಮಣ್ಣಿನ ಅಖಾಡದಲ್ಲೇ ಉಳಿದ. ಬಿರ್ಲಾ ಮನೆತನದ ಪಿಲಾನಿ ಚಿಡಾವಾಕ್ಕೆ ನೆರೆಯ ಊರು. ಊರಿನ ಕಡೆಯ ಹುಡುಗನ ಹುಚ್ಚನ್ನು ಕಂಡು ಅವರು ಮಿಲ್ಲಿನ ಪಕ್ಕ ಜಾಗ ಕೊಟ್ಟರು. 1925ರಲ್ಲಿ ಬಿರ್ಲಾ ಮಿಲ್ ವ್ಯಾಯಾಮಶಾಲೆ ಶುರುವಾಯಿತು. ವಿಜಯ್ ಪಾಲ್ ಮಲ್ಲರ ದೇವರಾದ ಹನುಮಂತನ ಹೆಸರನ್ನೇ ಇಟ್ಟುಕೊಂಡು, ಮದುವೆಯಾಗದೆ, ಆ ಗರಡಿಯಲ್ಲೇ ಬದುಕು ಕಳೆದರು.

ನಮ್ಮ ಕಡೆಯವರಿಗೆ ಗರಡಿ ಮನೆ ಎಂದರೆ ವಿವರಿಸಿ ಹೇಳಬೇಕಾಗಿಲ್ಲ. ಮೈಸೂರಿನಲ್ಲಿ ಬೀದಿಗೊಂದು ಗರಡಿ ಇದ್ದ ಕಾಲವಿತ್ತು. ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ಇಂದಿಗೂ ನೋಡುತ್ತೇವೆ, ಒಂದು ಹನಿ ರಕ್ತ ಕಂಡ ಕೂಡಲೇ ಅದು ನಿಲ್ಲುತ್ತದೆ. ಬೆಳಗಾವಿ, ಧಾರವಾಡದ ಕಡೆ ಅದೇ ಮನೆಗೆ ತಾಲೀಮು ಎಂಬ ಹೆಸರು, ಕಲಿಸುವವನು ವಸ್ತಾದ. ಮೈಸೂರಿನಲ್ಲಿ ಉಸ್ತಾದ್. ಸಬ್ಜಿ ಮಂಡಿಯಲ್ಲಿ ಗುರೂಜಿ. ಹೆಸರು ಬೇರೆಯಾದರೂ ಮಣ್ಣಿನ ಹದ ಹೆಚ್ಚು ಕಡಿಮೆ ಒಂದೇ. ಜರಡಿ ಹಿಡಿದ ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಕಲಸುತ್ತಾರೆ. ಗಾಯವಾದರೆ ಆ ಮಣ್ಣೇ ಔಷಧ ಎನ್ನುವ ನಂಬಿಕೆ ಎರಡೂ ಕಡೆ ಇದೆ.

ಗುರು ಹನುಮಾನರ ಗರಡಿಯಲ್ಲಿ ದಿನ ಶುರುವಾಗುತ್ತಿದ್ದುದು ಬೆಳಕು ಹರಿಯುವ ಮೊದಲು. ಗುದ್ದಲಿ ಹಿಡಿದು ಅಖಾಡ ಅಗೆಯುವುದು, ದಂಡ, ಬೈಠಕ್, ಆಮೇಲೆ ಜೋಡಿ ಜೋಡಿಯಾಗಿ ಕುಸ್ತಿ. ಹಾಲು, ತುಪ್ಪ, ಬಾದಾಮಿ, ಸಸ್ಯಾಹಾರ. ಹಳ್ಳಿಗಳಿಂದ ಬಂದ ಬಡ ಹುಡುಗರೇ ಅಲ್ಲಿ ಹೆಚ್ಚು. ಅಖಾಡಗಳ ಪದ್ಧತಿಯಲ್ಲಿ ಗುರುವಿಗೆ ತಿಂಗಳ ಶುಲ್ಕ ಎಂಬುದಿಲ್ಲ. ಹುಡುಗ ತನ್ನ ಮನೆಯಿಂದ ತುಪ್ಪದ ಡಬ್ಬ ತರುತ್ತಾನೆ, ಉಳಿದದ್ದು ಸೇವೆ. ಬದಲಿಗೆ ಅವನ ಇಡೀ ದಿನ ಗುರುವಿನ ಕಣ್ಣಳತೆಯಲ್ಲಿರಬೇಕು. ಇಂದಿನ ಹುಡುಗರಿಗೆ ಇದು ಸೆರೆವಾಸ ಅನ್ನಿಸಬಹುದು. ನನಗೂ ಆ ಶಿಸ್ತಿನ ಎಲ್ಲವೂ ಒಪ್ಪಿಗೆಯಲ್ಲ, ಗುರು ಹೇಳಿದ್ದೇ ಕೊನೆಯ ಮಾತು ಎಂಬ ರೂಢಿಯಲ್ಲಿ ಅಪಾಯವೂ ಇದೆ. ಆದರೆ ಶಿಷ್ಯ ರಾತ್ರಿ ಏನುಂಡ, ಎಲ್ಲಿ ಮಲಗಿದ ಎಂಬುದು ಆ ಗುರುವಿಗೆ ತಿಳಿದಿರುತ್ತಿತ್ತು.

ಫಲ ಬಂತು. 1970ರಲ್ಲಿ ಎಡಿನ್‌ಬರೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರ ಶಿಷ್ಯರಾದ ವೇದ ಪ್ರಕಾಶ್ 48 ಕಿಲೋ ವಿಭಾಗದಲ್ಲೂ ಸುದೇಶ್ ಕುಮಾರ್ 52 ಕಿಲೋದಲ್ಲೂ ಚಿನ್ನ ಗೆದ್ದರು. ಎರಡು ವರ್ಷಕ್ಕೆ ಮ್ಯೂನಿಕ್ ಒಲಿಂಪಿಕ್ಸ್. 1952ರಲ್ಲಿ ಹೆಲ್ಸಿಂಕಿಯಲ್ಲಿ ಖಾಶಾಬಾ ಜಾಧವ್ ಕಂಚು ತಂದ ಮೇಲೆ ಇಪ್ಪತ್ತು ವರ್ಷ ಭಾರತಕ್ಕೆ ಕುಸ್ತಿಯಲ್ಲಿ ಒಲಿಂಪಿಕ್ ಪದಕ ಬಂದಿರಲಿಲ್ಲ. ಮ್ಯೂನಿಕ್‌ನಲ್ಲಿ ಸುದೇಶ್ ಕುಮಾರ್ 52 ಕಿಲೋದಲ್ಲಿ ನಾಲ್ಕನೆಯವರಾದರು. ಅದೇ ಗರಡಿಯ ಪ್ರೇಮ್ ನಾಥ್ 57 ಕಿಲೋದಲ್ಲಿ, ಅವರೂ ನಾಲ್ಕನೆಯವರೇ. ಒಂದೇ ಅಖಾಡದ ಇಬ್ಬರು, ಒಂದೇ ಒಲಿಂಪಿಕ್ಸ್, ಇಬ್ಬರಿಗೂ ಒಂದೊಂದು ಮೆಟ್ಟಿಲಿನಿಂದ ಪದಕ ತಪ್ಪಿತು.

ನಾಲ್ಕನೆಯ ಸ್ಥಾನ ಎಂದರೇನು ಎಂದು ಸಂದರ್ಶನದವರೆಗೆ ಹೋಗಿ ಕೆಲವೇ ಅಂಕಗಳಿಂದ ಹಿಂದಿರುಗಿದವರನ್ನು ಕೇಳಬೇಕು. ಮೂರನೆಯವನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ನಾಲ್ಕನೆಯವನು ಸುಮ್ಮನೆ ರೈಲು ಹತ್ತಿ ಊರಿಗೆ ಬರುತ್ತಾನೆ. ಊರಲ್ಲಿ ನೆಂಟರು "ಈ ಸಲವೂ ಆಗಲಿಲ್ವಂತಾ?" ಎನ್ನುತ್ತಾರೆ. ಸುದೇಶ್ ಮತ್ತು ಪ್ರೇಮ್ ನಾಥ್ ಬಂದದ್ದು ಅದೇ ಮಣ್ಣಿಗೆ, ಅದೇ ಗುರುವಿನ ಬಳಿಗೆ. ಮತ್ತೆ ನಸುಕಿನ ಗುದ್ದಲಿ, ಮತ್ತೆ ಬೈಠಕ್. 1974ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಯಿತು. ಇಬ್ಬರೂ ಚಿನ್ನದೊಂದಿಗೆ ಹಿಂದಿರುಗಿದರು.

ಆಮೇಲಿನದು ಅನೇಕರಿಗೆ ಗೊತ್ತು. 1978ರ ಬ್ಯಾಂಕಾಕ್ ಮತ್ತು 1986ರ ಸೋಲ್ ಏಷ್ಯನ್ ಕ್ರೀಡಾಕೂಟಗಳಲ್ಲಿ ಕರ್ತಾರ್ ಸಿಂಗ್ ಚಿನ್ನ ಗೆದ್ದರು, 1982ರಲ್ಲಿ ಇದೇ ದಿಲ್ಲಿಯಲ್ಲಿ ಸತ್ಪಾಲ್ ಗೆದ್ದರು. 1983ರಲ್ಲಿ ಗುರುವಿಗೂ ಶಿಷ್ಯ ಸತ್ಪಾಲ್‌ಗೂ ಒಟ್ಟಿಗೇ ಪದ್ಮಶ್ರೀ ಬಂತು. 1987ರಲ್ಲಿ ಗುರುವಿಗೆ ದ್ರೋಣಾಚಾರ್ಯ ಪ್ರಶಸ್ತಿ.

ಶಿಷ್ಯನೇ ವಾರಸುದಾರನಾಗುವುದು ಮಲ್ಲವಿದ್ಯೆಯಲ್ಲಿ ದೇಶ ದೇಶಗಳ ರೀತಿ. ವಿಯೆಟ್ನಾಮಿನಲ್ಲಿ ಫ್ರೆಂಚರ ಆಳ್ವಿಕೆಯಿದ್ದಾಗ ಗುಯೆನ್ ಲಾಕ್ ಎಂಬವರು 1938ರಲ್ಲಿ ತಮ್ಮ ನಾಡಿನ ಹಳೆಯ ಕುಸ್ತಿಗೆ ಹೊರಗಿನ ಪಟ್ಟುಗಳನ್ನೂ ಸೇರಿಸಿ ವೊವಿನಾಮ್ ಎಂಬ ವಿದ್ಯೆ ಕಟ್ಟಿದರು. ಅವರು 1960ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಶಿಷ್ಯ ಲೆ ಸಾಂಗ್ ಆ ಹೊಣೆ ಹೊತ್ತು 2010ರಲ್ಲಿ ತಾವು ಸಾಯುವವರೆಗೂ ನಡೆಸಿದರು. ಇಂದು ಅದನ್ನು ಹಲವು ದೇಶಗಳಲ್ಲಿ ಕಲಿಯುತ್ತಾರೆ. ನಮ್ಮ ಗುರು ಹನುಮಾನ್ ವಿಷಯದಲ್ಲಿ ಆ ಹೊಣೆ ಸತ್ಪಾಲರದಾಯಿತು. ಮಾಡೆಲ್ ಟೌನ್ ಬಳಿಯ ಛತ್ರಸಾಲ್ ಸ್ಟೇಡಿಯಂನಲ್ಲಿ ಅವರು ಹುಡುಗರನ್ನು ತಯಾರು ಮಾಡಿದರು. ಅಲ್ಲಿ ಮಣ್ಣಿನ ಜಾಗಕ್ಕೆ ಮ್ಯಾಟ್ ಬಂದಿತ್ತು.

ಗುರು ಹನುಮಾನರಿಗೆ ಒಲಿಂಪಿಕ್ ಪದಕವನ್ನು ಕಣ್ಣಾರೆ ಕಾಣುವ ಭಾಗ್ಯ ಇರಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ದಿಲ್ಲಿಯ ದೊಡ್ಡ ಕಾರ್ಖಾನೆಗಳು ನಗರ ಬಿಡಬೇಕಾದಾಗ ಬಿರ್ಲಾ ಮಿಲ್ಲೂ ಮುಚ್ಚಿತು. ಮಿಲ್ಲು ಹೋಯಿತು, ಗರಡಿ ಉಳಿಯಿತು. 1999ರ ಮೇ 24ರಂದು ಹರಿದ್ವಾರಕ್ಕೆ ಹೊರಟಿದ್ದ ಗುರುವಿನ ಕಾರು ಮೀರತ್ ಬಳಿ ಅಪಘಾತಕ್ಕೆ ಸಿಕ್ಕಿತು. ಆಗ ಅವರಿಗೆ ತೊಂಬತ್ತೆಂಟು. ಒಂಬತ್ತು ವರ್ಷಗಳ ಮೇಲೆ, 2008ರಲ್ಲಿ, ಸತ್ಪಾಲರ ಶಿಷ್ಯ ಸುಶೀಲ್ ಕುಮಾರ್ ಬೀಜಿಂಗ್‌ನಲ್ಲಿ ಕಂಚು ಗೆದ್ದರು. ಜಾಧವ್ ಅವರ ನಂತರ ಐವತ್ತಾರು ವರ್ಷಕ್ಕೆ ಬಂದ ಪದಕ ಅದು.

ಆ ಗರಡಿಗೆ ಈಗ ಗುರುವಿನದೇ ಹೆಸರು. ರಾಜಿಂದರ್ ನಗರದಿಂದ ಆಟೋದಲ್ಲಿ ಹೋಗಬಹುದಾದ ದೂರ. ಓದಿ ಓದಿ ತಲೆ ಕಾಯ್ದ ದಿನ, ಬೆಳಗ್ಗೆ ಬೇಗ ಎದ್ದು ಒಮ್ಮೆ ಆ ಕಡೆ ಹೋಗಿ ಬನ್ನಿ. ಚಪ್ಪಲಿ ಮಾತ್ರ ಹೊರಗೇ ಬಿಡಬೇಕು.