ಪ್ರಶ್ನಿಸುವ ಸದನ, ಉತ್ತರವಿಲ್ಲದ ಕಡತ

(ಚಿಂತಾಕಿಯಲ್ಲಿ ನೀಡಿದ ಭಾಷಣದ ಬರಹ ರೂಪ)



ಔರಾದ ತಾಲೂಕಿನ ಈ ಅಂಚಿನಲ್ಲಿ ಕುಳಿತು ಅಮೆರಿಕದ ಸೆನೆಟ್‌ನ ವಿಚಾರ ಎತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಇಲ್ಲಿನ ರಸ್ತೆ, ಆಸ್ಪತ್ರೆ, ಮೇಷ್ಟ್ರಿಲ್ಲದ ಶಾಲೆಗಳ ಚಿಂತೆಯೇ ಸಾಕಷ್ಟಿರುವಾಗ ಕಾಬೂಲಿನ ಕಥೆ ನಮಗೇಕೆ ಎಂಬ ಪ್ರಶ್ನೆ ಸಹಜವೇ. ಆದರೆ ಸ್ವಲ್ಪ ತಾಳ್ಮೆಯಿಂದ ಕೇಳಿ. ಈ ಮಾತು ಸುತ್ತಿ ಬಳಸಿ ಕೊನೆಗೆ ನಮ್ಮ ಜಿಲ್ಲೆಗೇ ಬರುತ್ತದೆ.

20 ವರ್ಷಗಳ ಯುದ್ಧದ ನಂತರ 2021ರ ಆಗಸ್ಟ್ 30ರಂದು ಅಮೆರಿಕದ ಕೊನೆಯ ಸೈನಿಕ ಕಾಬೂಲಿನಿಂದ ಹೊರಟ. ಅದಕ್ಕೆ ನಾಲ್ಕು ದಿನ ಮೊದಲು ವಿಮಾನ ನಿಲ್ದಾಣದ ದ್ವಾರದಲ್ಲಿ ನಡೆದ ಆತ್ಮಾಹುತಿ ಸ್ಫೋಟದಲ್ಲಿ ಅಮೆರಿಕದ 13 ಸೈನಿಕರೂ ಸುಮಾರು 170 ಮಂದಿ ಅಫ್ಘಾನರೂ ಸತ್ತಿದ್ದರು. ಒಂದು ತಿಂಗಳೂ ಕಳೆದಿರಲಿಲ್ಲ, ಸೆಪ್ಟೆಂಬರ್ 28ರಂದು ರಕ್ಷಣಾ ಸಚಿವ ಲಾಯ್ಡ್ ಆಸ್ಟಿನ್, ಸೇನೆಯ ಅತ್ಯುನ್ನತ ಅಧಿಕಾರಿ ಜನರಲ್ ಮಾರ್ಕ್ ಮಿಲ್ಲಿ ಮತ್ತು ಜನರಲ್ ಮೆಕೆಂಜಿ ಸೆನೆಟ್ ಸಮಿತಿಯ ಎದುರು ಪ್ರಮಾಣ ಮಾಡಿ ಕುಳಿತಿದ್ದರು. ಸುಮಾರು 2,500 ಸೈನಿಕರನ್ನು ಉಳಿಸಿಕೊಳ್ಳುವುದು ಲೇಸೆಂಬುದು ತಮ್ಮ ಅಭಿಪ್ರಾಯವಾಗಿತ್ತೆಂದು ಜನರಲ್‌ಗಳು ಅಲ್ಲಿ ಒಪ್ಪಿಕೊಂಡರು. ಅಂತಹ ಸಲಹೆ ಬಂದದ್ದು ತಮಗೆ ನೆನಪಿಲ್ಲವೆಂದು ಅಧ್ಯಕ್ಷ ಬೈಡನ್ ಆಗಸ್ಟ್‌ನಲ್ಲಿ ದೂರದರ್ಶನದ ಸಂದರ್ಶನದಲ್ಲಿ ಹೇಳಿದ್ದರು. ಸಮವಸ್ತ್ರ ಧರಿಸಿದ ಅಧಿಕಾರಿಯ ಬಾಯಿಂದಲೇ ಅಧ್ಯಕ್ಷರ ಮಾತಿಗೆ ವಿರುದ್ಧವಾದ ಸತ್ಯ ಹೊರಬೀಳಲು ಒಂದು ಪ್ರಶ್ನೆ ಸಾಕಾಯಿತು.

ಇದನ್ನು ಹೊಗಳುವ ಆತುರ ನಮಗಿಲ್ಲ. ಆಗಸ್ಟ್ 29ರಂದು ಅಮೆರಿಕದ ಡ್ರೋನ್ ಕಾಬೂಲಿನ ಒಂದು ಮನೆಯಂಗಳದ ಮೇಲೆ ಎರಗಿ ಹತ್ತು ನಾಗರಿಕರನ್ನು ಕೊಂದಿತು. ಅವರಲ್ಲಿ ಏಳು ಮಂದಿ ಮಕ್ಕಳು. ಮೊದಲು ಅದನ್ನು ಭಯೋತ್ಪಾದಕರ ಮೇಲಿನ ದಾಳಿ ಎಂದರು, ಸೆಪ್ಟೆಂಬರ್ 17ರಂದು ತಪ್ಪಾಯಿತೆಂದರು, ಡಿಸೆಂಬರ್‌ನಲ್ಲಿ ಯಾರಿಗೂ ಶಿಕ್ಷೆಯಿಲ್ಲವೆಂದರು. ತಮ್ಮ 13 ಸೈನಿಕರಿಗಾಗಿ ಸಿಡಿದ ಸಂಸದರ ಸಿಟ್ಟು ಆ ಏಳು ಮಕ್ಕಳಿಗಾಗಿ ಅಷ್ಟೇ ಪ್ರಖರವಾಗಿ ಉರಿಯಲಿಲ್ಲ. ಪಕ್ಷ ರಾಜಕಾರಣವಂತೂ ಧಾರಾಳವಾಗಿತ್ತು. ರಿಪಬ್ಲಿಕನ್ನರ ಹಿಡಿತದಲ್ಲಿದ್ದ ಸಮಿತಿಯ ದೊಡ್ಡ ವರದಿ ಹೊರಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ, ಅಧ್ಯಕ್ಷೀಯ ಚುನಾವಣೆ ಹೊಸ್ತಿಲಲ್ಲಿದ್ದಾಗ. ಇಷ್ಟೆಲ್ಲ ದೋಷಗಳಿದ್ದರೂ ಅಧಿಕಾರಸ್ಥನನ್ನು ಎದುರು ಕೂರಿಸಿ ಕೇಳುವ ಪೀಠವೊಂದು ಅಲ್ಲಿತ್ತು. ಉತ್ತರಗಳು ದಾಖಲಾದವು.

ನಮ್ಮ ಸಂವಿಧಾನವೂ ಆ ಪೀಠವನ್ನು ಕೊಟ್ಟಿದೆ. ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯೆಂದು 75ನೆಯ ವಿಧಿಯೂ, ರಾಜ್ಯದ ಮಂತ್ರಿಗಳು ವಿಧಾನಸಭೆಗೆ ಹೊಣೆಯೆಂದು 164ನೆಯ ವಿಧಿಯೂ ಹೇಳುತ್ತವೆ. ಈ ಪೀಠ ಕೆಲಸ ಮಾಡಿದ್ದೂ ಉಂಟು. 1962ರಲ್ಲಿ ಚೀನಾದ ಎದುರು ನಮ್ಮ ಸೇನೆ ಹಿಂದೆ ಸರಿದಾಗ ಸಂಸದರ, ಅದರಲ್ಲೂ ಆಡಳಿತ ಪಕ್ಷದವರದೇ ಒತ್ತಡಕ್ಕೆ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಸ್ಥಾನ ಬಿಡಬೇಕಾಯಿತು. ಆದರೆ ಆ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರ ವರದಿಯನ್ನು ಯಾವ ಸರಕಾರವೂ ಸದನದಲ್ಲಿ ಮಂಡಿಸಲಿಲ್ಲ. 1999ರ ಕಾರ್ಗಿಲ್ ಯುದ್ಧದ ಪರಿಶೀಲನಾ ವರದಿ ಮಾತ್ರ ಕೆಲವು ಭಾಗಗಳನ್ನು ತೆಗೆದ ಮೇಲೆ 2000ರ ಫೆಬ್ರವರಿಯಲ್ಲಿ ಸಂಸತ್ತಿಗೆ ಬಂತು.

ಈಗ ನಮ್ಮ ಮನೆಯ ಮಾತು.

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಐದೇ ದಿನಗಳಲ್ಲಿ ಎಲ್ಲ ಮುಗಿಯಿತು. ನಂತರ ಮೇಜರ್ ಜನರಲ್ ಜೆ.ಎನ್. ಚೌಧುರಿ ಸೈನಿಕ ಗವರ್ನರ್ ಆದರು. 1949ರ ಡಿಸೆಂಬರ್‌ನಲ್ಲಿ ಸೈನಿಕಾಡಳಿತ ಹಿಂದೆ ಸರಿದು ಎಂ.ಕೆ. ವೆಲ್ಲೋಡಿಯವರ ಕೈಗೆ ಆಡಳಿತ ಬಂತು. ಆ ಹದಿನಾಲ್ಕು ತಿಂಗಳ ಲೆಕ್ಕ ಕೇಳಬೇಕಿದ್ದ ಚುನಾಯಿತ ಶಾಸನಸಭೆ ಹೈದರಾಬಾದಿನಲ್ಲಿ ಇರಲೇ ಇಲ್ಲ. ಅದು ಹುಟ್ಟಿದ್ದು 1952ರಲ್ಲಿ. 1956ರಲ್ಲಿ ಸಂಸ್ಥಾನವೇ ಮೂರು ಭಾಗವಾಗಿ, ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಕೇಳುವವರೂ ಹಂಚಿಹೋದರು, ಉತ್ತರಿಸಬೇಕಾದವರೂ ಚದುರಿದರು.

ನ್ಯಾಯವಾಗಿ ಮಾತಾಡುವುದಾದರೆ ಕಥೆಯನ್ನು ಸೆಪ್ಟೆಂಬರ್‌ನಿಂದ ಆರಂಭಿಸಲಾಗದು. ರಜಾಕಾರರ ದೌರ್ಜನ್ಯವನ್ನು ನಮ್ಮವರೆಂಬ ಕಾರಣಕ್ಕೆ ಮುಚ್ಚಿಡುವುದು ಅಪ್ರಾಮಾಣಿಕತೆ. ಇದೇ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ನೆನೆಯುವಾಗ ನಮ್ಮ ತಲೆ ತಗ್ಗಬೇಕು. ಗೋರ್ಟಾದ ಹೆಸರೆತ್ತಲು ಹಿಂಜರಿಯುವವನಿಗೆ ಮುಂದಿನ ಮಾತಾಡುವ ಹಕ್ಕಿಲ್ಲ.

ಸೇನಾ ಕಾರ್ಯಾಚರಣೆಯ ನಂತರ ಗಲಭೆ ಪೀಡಿತ ಹಳ್ಳಿಗಳಿಗೆ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಇದ್ದ ಸದ್ಭಾವನಾ ತಂಡ ಬಂತು. 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು 16 ಜಿಲ್ಲೆಗಳ ಪೈಕಿ 9ರಲ್ಲಿ ತಿರುಗಿ, 109 ಹಳ್ಳಿಗಳ 500ಕ್ಕೂ ಹೆಚ್ಚು ಜನರ ಮಾತು ಕೇಳಿದರು. ಸಂಸ್ಥಾನದಾದ್ಯಂತ ಸತ್ತವರು 27,000ದಿಂದ 40,000 ಎಂಬುದು ಅವರ ಅಂದಾಜು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡ್ ಮತ್ತು ನಮ್ಮ ಬೀದರ. ಈ ನಾಲ್ಕರಲ್ಲೇ 18,000ಕ್ಕೆ ಕಡಿಮೆಯಿಲ್ಲವೆಂದರು. ಶವಗಳು ಕೊಳೆಯುತ್ತಿದ್ದ ಬಾವಿಗಳನ್ನು ಕಂಡರು. ಒಂದರಲ್ಲಿ ಹನ್ನೊಂದು ಶವ ಎಣಿಸಿದರು. ಅವುಗಳಲ್ಲೊಂದು ಎಳೆಗೂಸಿನೊಡನೆ ಇದ್ದ ತಾಯಿಯದು.

ಸೇನೆಯ ಅಧಿಕಾರಿಗಳ ಸಾಮಾನ್ಯ ಶಿಸ್ತನ್ನು ಮೆಚ್ಚಿದ ಅದೇ ತಂಡ, ಹಲವೆಡೆ ಸೈನಿಕರು ಮತ್ತು ಪೊಲೀಸರು ಲೂಟಿ ಮುಂತಾದ ಅಪರಾಧಗಳಲ್ಲಿ ಪಾಲ್ಗೊಂಡರೆಂದೂ ಬರೆಯಿತು. ಪ್ರಾಣ ಪಣಕ್ಕಿಟ್ಟು ಮುಸ್ಲಿಮ್ ನೆರೆಯವರನ್ನು ಕಾಪಾಡಿದ ಹಿಂದೂಗಳನ್ನೂ ಅದು ಮರೆಯಲಿಲ್ಲ. ನಮ್ಮ ಅಜ್ಜ ಅಜ್ಜಿಯರಲ್ಲಿ ಕೆಲವರು ಉಳಿದದ್ದೇ ಅಂತಹ ಯಾರದೋ ಅಟ್ಟದ ಮೇಲೆ, ಕಣಜದ ಹಿಂದೆ. ಈ ಸಾಲ ನಾವು ಬಹಿರಂಗವಾಗಿ ಹೇಳಿಕೊಂಡದ್ದು ಕಡಿಮೆ.

ಆ ವರದಿಗೆ ಏನಾಯಿತು? ತಂಡಕ್ಕೆ ಅಧಿಕೃತ ಆಯೋಗದ ಮಾನ್ಯತೆ ಸಿಗಲಿಲ್ಲ. ಗೃಹಮಂತ್ರಿ ಪಟೇಲರು ವರದಿಯನ್ನು ಒಪ್ಪಲಿಲ್ಲ. ಸರಕಾರ ಅದನ್ನು ಪ್ರಕಟಿಸಲಿಲ್ಲ. 2001ರಲ್ಲಿ ಎ.ಜಿ. ನೂರಾನಿಯವರು ‘ಫ್ರಂಟ್‌ಲೈನ್’ ಪತ್ರಿಕೆಯಲ್ಲಿ ಅದರ ಭಾಗಗಳನ್ನು ಬೆಳಕಿಗೆ ತಂದರು. ಸತ್ತವರಿಗೆ ಮೊಮ್ಮಕ್ಕಳು ಹುಟ್ಟುವಷ್ಟು ಕಾಲ ಕಡತ ಮೌನವಾಗಿತ್ತು. ಅಂಕಿಗಳಲ್ಲಿ ಹೆಚ್ಚು ಕಡಿಮೆ ಇದ್ದೀತು. ತಪ್ಪಿದ್ದರೆ ತಪ್ಪೆಂದು ತೋರಿಸಲು ಸದನಕ್ಕಿಂತ ಯೋಗ್ಯ ಸ್ಥಳ ಯಾವುದಿತ್ತು? ಇಂದು ಸೆಪ್ಟೆಂಬರ್ 17ರಂದು ಧ್ವಜ ಹಾರುತ್ತದೆ, ಭಾಷಣವಾಗುತ್ತದೆ. ನಿಜಾಮರ ದಬ್ಬಾಳಿಕೆ ಮುಗಿದದ್ದಕ್ಕೆ ಸಂತೋಷಪಡುವುದರಲ್ಲಿ ನಮಗೇನೂ ಸಂಕೋಚವಿಲ್ಲ. ಆ ಭಾಷಣಗಳಲ್ಲಿ ಬಾವಿಗಳ ಮಾತಿಲ್ಲ ಎಂಬುದಷ್ಟೇ ನಮ್ಮ ದೂರು.

ಆದರೆ ದೂರುವುದಷ್ಟೇ ನಮ್ಮ ಕೆಲಸವಲ್ಲ. ನಾವೂ ಕೇಳಲಿಲ್ಲ. ‘ಪೊಲೀಸ್ ಆಕ್ಷನ್’ ಎಂಬ ಎರಡು ಪದಗಳನ್ನು ಪಿಸುಮಾತಿನಲ್ಲಿ ಆಡಿ, ಮಕ್ಕಳು ಹತ್ತಿರ ಬಂದೊಡನೆ ಮಾತು ಬದಲಿಸಿದೆವು. ಆ ಭಯಕ್ಕೆ ಕಾರಣವಿತ್ತು, ಒಪ್ಪೋಣ. ಅಂಜಿದ ಸಮುದಾಯಕ್ಕೆ ಪ್ರಶ್ನೆ ಕೇಳುವ ರೂಢಿಯೇ ತಪ್ಪಿಹೋಗುತ್ತದೆ. ಚುನಾವಣೆ ಬಂದಾಗ ಸ್ಮಶಾನದ ಕಾಂಪೌಂಡ್ ಗೋಡೆ ಬೇಡುತ್ತೇವೆ, ಶಾದಿಮಹಲ್ ಬೇಡುತ್ತೇವೆ. ಲೆಕ್ಕ ಕೇಳುವುದಿಲ್ಲ.

ಈ ರೂಢಿಯನ್ನು ಎಲ್ಲಿಂದ ಕಲಿಯಬೇಕೆಂದರೆ ಉದಾಹರಣೆ ಕೈಯಲ್ಲೇ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371ಜೆ ವಿಧಿ, 2012ರ ಡಿಸೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದದ್ದು, ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಕಾರ್ಯದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕೆನ್ನುತ್ತದೆ. ಹುದ್ದೆ ಮತ್ತು ವೈದ್ಯಕೀಯ ಸೀಟಿನ ಮೀಸಲಾತಿ ನಮ್ಮೆಲ್ಲರಿಗೂ ಗೊತ್ತು. ವಾರ್ಷಿಕ ವರದಿಯ ಈ ಮಾತು ಎಷ್ಟು ಮನೆಗಳಿಗೆ ಗೊತ್ತು?

ಮುಂದಿನ ಅಧಿವೇಶನಕ್ಕೆ ಮುನ್ನ ಶಾಸಕರನ್ನು ಕಾಣಹೋಗುವವರು ಹೂವಿನ ಹಾರದ ಜೊತೆಗೆ ಒಂದು ಕಾಗದವನ್ನೂ ಒಯ್ಯಲಿ. ಕಳೆದ ವರ್ಷದ ಆ ವರದಿ ಯಾವ ದಿನ ಸದನಕ್ಕೆ ಬಂತು, ಅದರಲ್ಲಿ ಔರಾದ ತಾಲೂಕಿಗೆ ಏನಿದೆ, ನೀವು ಅದರ ಮೇಲೆ ಏನು ಕೇಳಿದಿರಿ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದಿರಲಿ. ಹಿಂದೂ ನೆರೆಯವರೂ ಜೊತೆಗಿರಲಿ, ರಸ್ತೆ ಎಲ್ಲರದೂ ತಾನೆ.

ಮತ್ತೊಂದು ಕೆಲಸ ಅದಕ್ಕಿಂತ ಅವಸರದ್ದು. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಸಮೀಪದಲ್ಲಿದ್ದಾರೆ. ಭಾಲ್ಕಿಯಲ್ಲಿ, ಔರಾದದಲ್ಲಿ, ಬೀದರಿನ ಹಳೆಯ ಓಣಿಗಳಲ್ಲಿ ಅಂತಹ ಕೆಲವರಾದರೂ ಉಳಿದಿರಬೇಕು, ಎರಡೂ ಸಮುದಾಯಗಳಲ್ಲಿ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಈ ರಜೆಯಲ್ಲಿ ಅವರ ಪಕ್ಕ ಕುಳಿತು, ಕಂಡದ್ದನ್ನು ಕಂಡಂತೆ, ಊರು ಮತ್ತು ತಿಂಗಳ ಸಹಿತ ಬರೆದಿಟ್ಟುಕೊಳ್ಳಲಿ. ಕೊಂದವರ ಹೆಸರಿಗಿಂತ ಮೊದಲು ಕಾಪಾಡಿದವರ ಹೆಸರು ಕೇಳಲಿ.