ಕಲ್ಲಿನ ಬರಹಕ್ಕೂ ಪ್ಯಾರಾ ಇತ್ತು

ಬರೆದದ್ದನ್ನು ಪ್ಯಾರಾಗಳಾಗಿ ಒಡೆದು ಓದುಗರನ್ನು ದಾರಿ ತಪ್ಪದಂತೆ ನಡೆಸುವ ಕಲೆ ಅಚ್ಚುಕೂಟದ ಜೊತೆಗೆ ಬಂತು ಎಂದು ಎಷ್ಟೋ ಜನ ನಂಬಿದ್ದಾರೆ. ನಮ್ಮ ಹಾಸನ ಜಿಲ್ಲೆಯ ಕಲ್ಲುಗಳನ್ನು ಓದಿದರೆ ಆ ನಂಬಿಕೆ ನಿಲ್ಲುವುದಿಲ್ಲ.

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು. ಪದಗಳ ನಡುವೆ ಜಾಗವಿಲ್ಲ, ಅಕ್ಷರಕ್ಕೆ ಅಕ್ಷರ ಅಂಟಿಕೊಂಡಿದೆ. ಆದರೂ ಅದಕ್ಕೊಂದು ಕ್ರಮವಿದೆ: ಮೊದಲು ವಿಷ್ಣುಸ್ತುತಿ, ಆಮೇಲೆ ಕದಂಬ ದೊರೆಯ ಆಳ್ವಿಕೆ, ಕಾಳಗ, ವೀರನಿಗೆ ಕೊಟ್ಟ ದತ್ತಿ, ಅದನ್ನು ಕೆಡಿಸಿದವನಿಗೆ ಪಾಪ. ಹೊಯ್ಸಳರ ಕಾಲಕ್ಕೆ ಬಂದರೆ ಪದ್ಯ ಎಲ್ಲಿ, ಗದ್ಯ ಎಲ್ಲಿ ಎಂದು ತೋರಿಸಲು ‘ವೃ’ (ವೃತ್ತ), ‘ಕಂ’ (ಕಂದ), ‘ವ’ (ವಚನ) ಎಂಬ ಗುರುತುಗಳೂ ಶಾಸನಗಳಲ್ಲಿ ಕಾಣುತ್ತವೆ.

ನನಗೆ ಬೆರಗು ಹುಟ್ಟಿಸುವುದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿರುವ, ಗೊಮ್ಮಟನನ್ನು ಕುರಿತ ಬೊಪ್ಪಣ ಪಂಡಿತನ 12ನೇ ಶತಮಾನದ ಶಾಸನ. ಗೊಮ್ಮಟ ಯಾರು ಎಂಬಲ್ಲಿಂದ ಅವನು ಹೊರಡುತ್ತಾನೆ. ಭರತ ಪೌದನಪುರದಲ್ಲಿ ನಿಲ್ಲಿಸಿದ ಮೂರ್ತಿಯ ಕಥೆ, ಅಲ್ಲಿಗೆ ಹೋಗಲಾಗದು ಎಂದು ತಿಳಿದ ಚಾವುಂಡರಾಯ ಇಲ್ಲಿಯೇ ಮಾಡಿಸಿದ ಕಥೆ, ಎಲ್ಲ ಸರದಿಯಂತೆ ಬರುತ್ತವೆ. ಅಷ್ಟಾದ ಮೇಲೆ ವಾದ ಶುರು. ಬಹಳ ಎತ್ತರದ ಮೂರ್ತಿಗೆ ಚೆಲುವು ಇರದು. ಎತ್ತರವೂ ಚೆಲುವೂ ಕೂಡಿದರೂ ಅತಿಶಯ ಇರದು. ಇಲ್ಲಿ ಮೂರೂ ಸೇರಿವೆ. ಒಂದು ಆಕ್ಷೇಪ ಎತ್ತಿ, ಅದನ್ನು ದಾಟಿ, ಇನ್ನೊಂದು ಎತ್ತುವ ಈ ನಡೆಯನ್ನು ಇಂದಿನ ಪ್ರಬಂಧಕಾರರು ಇವನಿಂದ ಕಲಿಯಬೇಕು. ಖಾಲಿ ಸಾಲು ಬಿಟ್ಟ ಮಾತ್ರಕ್ಕೆ ವಿಚಾರ ಬೇರೆಯಾಗುವುದಿಲ್ಲವಲ್ಲ!

ಕಲ್ಲು ಬಿಟ್ಟು ತಾಳೆಗರಿಗೆ ಬಂದರೆ ಜಾಗ ಕಡಿಮೆ, ಖಾಲಿ ಸಾಲು ಬಿಡುವ ಮಾತೇ ಇಲ್ಲ. ಅಲ್ಲಿ ಪ್ಯಾರಾ ಮಾಡುತ್ತಿದ್ದುದು ಗಮಕಿಯ ಗಂಟಲು. ಅವನು ಉಸಿರು ತೆಗೆದುಕೊಂಡಲ್ಲಿ ಕೇಳುವವರಿಗೆ ಪ್ರಸಂಗ ಮುಗಿದದ್ದು ತಿಳಿಯುತ್ತಿತ್ತು. ಬಾನುಲಿಯಲ್ಲಿ ಮಾತಾಡುವ ನನ್ನ ಪಾಡೂ ಅದೇ.

ಇನ್ನು ಆ ಗೊಮ್ಮಟನ ಬೆಟ್ಟದ ಮೇಲಿನ ಬರಹ ಪುಸ್ತಕಕ್ಕೆ ಇಳಿದದ್ದು 1889ರಲ್ಲಿ, ಬಿ. ಎಲ್. ರೈಸ್ ಶ್ರವಣಬೆಳಗೊಳದ 144 ಶಾಸನಗಳನ್ನು ಅಚ್ಚು ಹಾಕಿಸಿದಾಗ. 1923ರ ಆರ್. ನರಸಿಂಹಾಚಾರ್ಯರ ಆವೃತ್ತಿಯಲ್ಲಿ ಅವು 500 ಆದವು.

ಅಚ್ಚಿನಲ್ಲಿ ಬೆಳೆದ ಗದ್ಯ ಬೇರೆ ಬೇರೆ ದಾರಿ ಹಿಡಿಯಿತು. ಹೆಸರಿನಲ್ಲೇ ಅರಕಲಗೂಡು ಇಟ್ಟುಕೊಂಡ ಅ. ನ. ಕೃಷ್ಣರಾಯರ ಕಾದಂಬರಿಗಳಲ್ಲಿ ಮಾತಿಗೆ ಮಾತು, ಪ್ರತಿ ಮಾತಿಗೂ ಹೊಸ ಸಾಲು, ಓದುಗ ಓಡುತ್ತಾನೆ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳದು ಇದಕ್ಕೆ ತದ್ವಿರುದ್ಧ. ಅವರು ಕನ್ನಡಕ್ಕೆ ತಂದ ಶಂಕರಭಾಷ್ಯಗಳಲ್ಲಿ ಪೂರ್ವಪಕ್ಷ ಯಾರದು, ಸಿದ್ಧಾಂತ ಯಾವುದು ಎಂಬ ಗಡಿ ಸ್ಪಷ್ಟ. ವಿಷಯ ಕಠಿಣ, ಓದು ನಿಧಾನ. ಆದರೆ ಆಕ್ಷೇಪವನ್ನೇ ಉತ್ತರವೆಂದು ತಿಳಿದು ಓದುಗ ಅಲ್ಲಿ ಮೋಸಹೋಗುವುದಿಲ್ಲ.